ಫ್ರೇಮ್‌ಗಳಲ್ಲಿ ಕಟ್ಟಿದ ಹಳೆಯ ಜಾಲತಾಣವನ್ನು ಸ್ಟೈಲ್‌ಶೀಟ್‌ಗೆ ಬದಲಿಸಬೇಕೆ? ಊರುಗಳ ಪಟ್ಟಿಯನ್ನು ಆಗ ಎಲ್ಲಿಡಬೇಕು?

ಪ್ರಶ್ನೆ: ಮಳೆಮಾಪಕ, ಸೋಮವಾರಪೇಟೆ

ಎಲ್ಲರಿಗೂ ನಮಸ್ಕಾರ. ನಮ್ಮ ಭಾಗದ ಬೆಳೆಗಾರರ ಕೂಟವೊಂದು ಬಹಳ ವರ್ಷಗಳಿಂದ ನಡೆಸಿಕೊಂಡು ಬಂದಿರುವ ಜಾಲತಾಣವನ್ನು ನೋಡಿಕೊಳ್ಳುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ಅದರಲ್ಲಿರುವುದು ಹೆಚ್ಚಾಗಿ ಮಳೆಯ ಲೆಕ್ಕ. ತೋಟಗಳಲ್ಲಿ ಮಾಪಕವಿಟ್ಟುಕೊಂಡವರು ಇಂಚು ಮತ್ತು ಸೆಂಟುಗಳಲ್ಲಿ (ಇಂಚಿನ ನೂರರಲ್ಲೊಂದು ಭಾಗ) ಬರೆದುಕೊಟ್ಟದ್ದನ್ನು ಊರುವಾರು, ವರ್ಷವಾರು ಕೋಷ್ಟಕಗಳಾಗಿ ಹಾಕಲಾಗಿದೆ. ಜೊತೆಗೆ ಕಾಫಿ ಹೂ ಅರಳಿಸುವ ಹೂಮಳೆಯ ಕುರಿತ ಟಿಪ್ಪಣಿಗಳು, ಕಾಳುಮೆಣಸಿನ ಸೊರಗು ರೋಗದ ಬಗೆಗಿನ ಹಳೆಯ ಸುತ್ತೋಲೆಗಳು ಇವೆ.

ತಾಣವನ್ನು ಕಟ್ಟಿದವರು ಫ್ರೇಮ್‌ಸೆಟ್ ಬಳಸಿದ್ದಾರೆ, ಎಂದರೆ ಪರದೆಯನ್ನು ಭಾಗಗಳಾಗಿ ಒಡೆದು ಒಂದೊಂದರಲ್ಲಿ ಒಂದೊಂದು ಕಡತವನ್ನು ತೋರಿಸುವ ಹೊರಚೌಕಟ್ಟು. ಮೇಲೆ ಕೂಟದ ಹೆಸರಿರುವ ಒಂದು ಫ್ರೇಮ್, ಎಡಕ್ಕೆ ಊರುಗಳ ಪಟ್ಟಿಯ ಒಂದು ಫ್ರೇಮ್, ಉಳಿದ ಜಾಗದಲ್ಲಿ ಓದುವ ಪುಟ. ಎಡಗಡೆ ಭಾಗಮಂಡಲವನ್ನು ಒತ್ತಿದರೆ ಬಲಗಡೆ ಭಾಗಮಂಡಲದ ಕೋಷ್ಟಕ ಬರುತ್ತದೆ, ಶಾಂತಳ್ಳಿಯನ್ನು ಒತ್ತಿದರೆ ಶಾಂತಳ್ಳಿಯದು. ಕೋಷ್ಟಕ ಎಷ್ಟು ಉದ್ದವಿದ್ದರೂ ಪಟ್ಟಿ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಕಂಪ್ಯೂಟರಿನಲ್ಲಿ ನೋಡಿದಾಗ ಇದು ನನಗೆ ಈಗಲೂ ಅಚ್ಚುಕಟ್ಟಾಗಿಯೇ ಕಾಣುತ್ತದೆ.

ಆದರೆ ದೂರುಗಳಿವೆ. ನಾಪೋಕ್ಲಿನ ಲೆಕ್ಕವನ್ನು ತೆರೆದು ಅದರ ವಿಳಾಸವನ್ನು ವಾಟ್ಸಾಪ್‌ನಲ್ಲಿ ಕಳುಹಿಸಿದರೆ ಪಡೆದವರಿಗೆ ಮುಖಪುಟ ತೆರೆಯುತ್ತದೆ. ಗೂಗಲ್‌ನಿಂದ ಬಂದವರಿಗೆ ತಲೆಬರಹವೂ ಪಟ್ಟಿಯೂ ಇಲ್ಲದ ಬರಿಯ ಕೋಷ್ಟಕ ಸಿಗುತ್ತದೆ. ಅದು ಯಾರ ತಾಣ, ಹಿಂದಿನ ವರ್ಷದ ಲೆಕ್ಕ ಎಲ್ಲಿದೆ ಎಂಬುದು ಅವರಿಗೆ ತಿಳಿಯುವುದಿಲ್ಲ. ಫೋನಿನಲ್ಲಂತೂ ಅಕ್ಷರಗಳು ಓದಲಾರದಷ್ಟು ಚಿಕ್ಕದಾಗುತ್ತವೆ.

ತಿಳಿದವರೊಬ್ಬರು “ಫ್ರೇಮ್ ಬಿಡಿ, ಸ್ಟೈಲ್‌ಶೀಟ್ ಬಳಸಿ” ಎಂದರು. ಪುಟದ ರೂಪವನ್ನು ಹೇಳುವ ಕಡತವಾದ ಸ್ಟೈಲ್‌ಶೀಟ್ ಬಗ್ಗೆ ಓದಿಕೊಂಡೆ. ಬಣ್ಣ, ಅಗಲ, ಅಂಚು, ಅಕ್ಷರದ ಗಾತ್ರ ಎಲ್ಲವೂ ಅರ್ಥವಾದವು. ಅರ್ಥವಾಗದ ಸಂಗತಿ ಒಂದೇ. ಈಗ ಹೊಸ ಊರೊಂದನ್ನು ಸೇರಿಸಬೇಕಾದರೆ ಎಡಗಡೆಯ ಫ್ರೇಮಿನ ಒಂದು ಕಡತವನ್ನು ತಿದ್ದಿದರೆ ಸಾಕು. ಫ್ರೇಮ್ ತೆಗೆದುಹಾಕಿದರೆ ಆ ಪಟ್ಟಿಯನ್ನು ಪ್ರತಿಯೊಂದು ಪುಟದಲ್ಲಿಯೂ ಬರೆಯಬೇಕೆ? ನಮ್ಮಲ್ಲಿ ನೂರಾರು ಪುಟಗಳಿವೆ. ಒಂದು ಕಡತದ ಕೆಲಸವನ್ನು ನೂರು ಕಡತದ ಕೆಲಸ ಮಾಡಿಕೊಳ್ಳುವುದು ಸುಧಾರಣೆ ಹೇಗಾಗುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ವಿವರಿಸಬೇಕು.

ಇನ್ನೊಂದು ಮಾತು. ಮಳೆಗಾಲದಲ್ಲಿ ನಮ್ಮ ಕಡೆ ವಿದ್ಯುತ್ತೂ ನೆಟ್‌ವರ್ಕೂ ದಿನಗಟ್ಟಲೆ ಇರುವುದಿಲ್ಲವಾದ್ದರಿಂದ, ಇಡೀ ತಾಣದ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಸದಸ್ಯರಿಗೆ ಕೊಡುವ ರೂಢಿಯಿದೆ. ಬದಲಾವಣೆಯಾದ ಮೇಲೂ ಆ ಪ್ರತಿ ತೆರೆಯುವಂತಿರಬೇಕು.

ಉತ್ತರ: ಪುಟಗಟ್ಟುವವ, ಮಡಿಕೇರಿ

ನಿಮ್ಮ ಗೊಂದಲಕ್ಕೆ ಕಾರಣ ನೀವಲ್ಲ, ನಿಮಗೆ ಸಿಕ್ಕ ಸಲಹೆಯೇ ಅರೆಬರೆಯಾಗಿದೆ. ಫ್ರೇಮ್ ಎರಡು ಬೇರೆ ಬೇರೆ ಕೆಲಸಗಳನ್ನು ಒಟ್ಟಿಗೆ ಮಾಡುತ್ತಿತ್ತು. ಮೊದಲನೆಯದು, ಪರದೆಯ ಮೇಲೆ ಯಾವುದು ಎಲ್ಲಿ ಕೂರಬೇಕೆಂದು ಹೇಳುವುದು. ಎರಡನೆಯದು, ಒಂದೇ ಪಟ್ಟಿಯನ್ನು ಒಂದೇ ಕಡೆ ಬರೆದಿಟ್ಟು ಎಲ್ಲ ಪುಟಗಳಿಗೂ ಹಂಚುವುದು. ಸ್ಟೈಲ್‌ಶೀಟ್ ಮೊದಲನೆಯ ಕೆಲಸವನ್ನು ಮಾತ್ರ ವಹಿಸಿಕೊಳ್ಳುತ್ತದೆ, ಮತ್ತು ಅದನ್ನು ಫ್ರೇಮ್‌ಗಿಂತ ಬಹಳ ಚೆನ್ನಾಗಿ ಮಾಡುತ್ತದೆ. ಎರಡನೆಯ ಕೆಲಸ ಅದರದ್ದಲ್ಲ. ಅದಕ್ಕೆ ಬೇರೆ ಸಾಧನ ಬೇಕು. “ಫ್ರೇಮ್ ಬದಲು ಸ್ಟೈಲ್‌ಶೀಟ್” ಎಂದು ಹೇಳುವವರು ಈ ಎರಡನೆಯ ಭಾಗವನ್ನು ಬಿಟ್ಟುಬಿಡುವುದರಿಂದಲೇ ನಿಮ್ಮಂತಹ ಜವಾಬ್ದಾರಿಯುತ ನಿರ್ವಾಹಕರು ಹಳೆಯದನ್ನು ಬಿಡಲು ಹಿಂಜರಿಯುತ್ತಾರೆ.

ಬದಲಿಸಬೇಕೆ ಎಂಬ ಪ್ರಶ್ನೆಯನ್ನು ಮೊದಲು ನೋಡೋಣ. ಫ್ರೇಮ್‌ಗಳನ್ನು ತಂದದ್ದು ನೆಟ್‌ಸ್ಕೇಪ್ ನ್ಯಾವಿಗೇಟರ್ 2.0 ಎಂಬ ಬ್ರೌಸರ್, 1995ರ ಕೊನೆಯಲ್ಲಿ ಪರೀಕ್ಷಾ ರೂಪದಲ್ಲಿ, 1996ರಲ್ಲಿ ಪೂರ್ಣರೂಪದಲ್ಲಿ ಅದು ಹೊರಬಂತು. 1997ರ ಡಿಸೆಂಬರ್‌ನಲ್ಲಿ, ಜಾಲಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ 4.0 ಆವೃತ್ತಿ ಫ್ರೇಮ್‌ಗಳನ್ನು ಮಾನಕದೊಳಗೆ ಸೇರಿಸಿಕೊಂಡಿತು. 2014ರ ಅಕ್ಟೋಬರ್‌ನಲ್ಲಿ ಶಿಫಾರಸಾಗಿ ಬಂದ ಎಚ್‌ಟಿಎಂಎಲ್5, ಫ್ರೇಮ್‌ಸೆಟ್, ಫ್ರೇಮ್, ನೋಫ್ರೇಮ್ಸ್ ಮೂರನ್ನೂ ಬಳಕೆಯಿಂದ ಕೈಬಿಟ್ಟವೆಂದು ಸಾರಿತು. ಹಾಗೆಂದು ನಿಮ್ಮ ತಾಣ ನಾಳೆ ಬೆಳಗ್ಗೆ ಕಾಣದಂತಾಗುತ್ತದೆಂದು ಹೆದರಬೇಕಿಲ್ಲ. ಹೊಸದಾಗಿ ಬರೆಯುವವರು ಬಳಸಕೂಡದೆಂದು ಹೇಳುವ ಅದೇ ಮಾನಕ, ಹಳೆಯ ಪುಟಗಳನ್ನು ಬ್ರೌಸರ್‌ಗಳು ಹೇಗೆ ತೋರಿಸಬೇಕೆಂಬುದನ್ನೂ ವಿವರಿಸುತ್ತದೆ, ಬ್ರೌಸರ್‌ಗಳು ತೋರಿಸುತ್ತಲೂ ಇವೆ. ಆದ್ದರಿಂದ ನಿಮ್ಮ ಮುಂದಿರುವ ಪ್ರಶ್ನೆ ಗಡುವಿನದಲ್ಲ, ಓದುಗರ ಅನುಕೂಲದ್ದು.

ನೀವು ಹೇಳಿದ ಮೊದಲೆರಡು ದೂರುಗಳಿಗೂ ಬೇರು ಒಂದೇ. ಫ್ರೇಮ್‌ಸೆಟ್‌ನಲ್ಲಿ ಬ್ರೌಸರ್‌ನ ವಿಳಾಸಪಟ್ಟಿ (ಅಡ್ರೆಸ್ ಬಾರ್) ತೋರಿಸುವುದು ಹೊರಚೌಕಟ್ಟಿನ ವಿಳಾಸವನ್ನು ಮಾತ್ರ. ಒಳಗಡೆ ಏನು ಬದಲಾದರೂ ಅದು ಬದಲಾಗುವುದಿಲ್ಲ. ತೋಟದ ಲೈನ್ ಮನೆಗಳಿಗೆಲ್ಲ ಎಸ್ಟೇಟಿನ ಒಂದೇ ವಿಳಾಸವಿದ್ದಾಗ ಕಾಗದ ಗೇಟಿನವರೆಗೆ ಬಂದು ನಿಲ್ಲುವ ಹಾಗೆ, ನಿಮ್ಮ ನಾಪೋಕ್ಲಿನ ಕೊಂಡಿ ಮುಖಪುಟಕ್ಕೆ ಬಂದು ನಿಲ್ಲುತ್ತದೆ. ಹುಡುಕಾಟ ಯಂತ್ರದ ಕಥೆ ಇದಕ್ಕೆ ತಿರುವುಮುರುವು: ಅದು ಒಳಪುಟವನ್ನು ನೇರವಾಗಿ ಕಂಡುಹಿಡಿಯುತ್ತದೆ, ಆದರೆ ಆ ಒಳಪುಟ ತಾನು ಯಾವ ಚೌಕಟ್ಟಿಗೆ ಸೇರಿದ್ದೆಂದು ಹೇಳಲಾರದು. ಪುಟ, ವಿಳಾಸ ಮತ್ತು ಓದುಗ ನೋಡುತ್ತಿರುವ ನೋಟ ಈ ಮೂರೂ ಒಂದೇ ಆಗಿರಬೇಕೆಂಬುದು ಜಾಲದ ಮೂಲ ಕಲ್ಪನೆ. ಫ್ರೇಮ್ ಅದನ್ನೇ ಮುರಿಯಿತು. ಬಳಕೆದಾರರ ಅನುಕೂಲದ ಬಗ್ಗೆ ಅಧ್ಯಯನ ಮಾಡುತ್ತಿದ್ದ ಜೇಕಬ್ ನೀಲ್ಸನ್ 1996ರಲ್ಲಿಯೇ, ಎಂದರೆ ಫ್ರೇಮ್ ಪೂರ್ಣರೂಪದಲ್ಲಿ ಹೊರಬಂದ ವರ್ಷದಲ್ಲಿಯೇ, ಈ ಆಕ್ಷೇಪವನ್ನು ಬರೆದಿದ್ದರು. ಮುಂದೆ ಹೇಳಲಾದ ಆಕ್ಷೇಪಗಳಲ್ಲಿ ಬಹುಪಾಲು ಇದರದೇ ಕವಲುಗಳೆಂದು ನನ್ನ ಅಭಿಪ್ರಾಯ.

ಈಗ ವಿನ್ಯಾಸ. 2017ರಿಂದ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲಿಯೂ ದೊರೆಯುತ್ತಿರುವ ಗ್ರಿಡ್ ಎಂಬ ಸ್ಟೈಲ್‌ಶೀಟ್ ವಿಧಾನ ನಿಮ್ಮ ಮೂರು ಫ್ರೇಮ್‌ಗಳ ರೂಪವನ್ನು ಕೆಲವೇ ಸಾಲುಗಳಲ್ಲಿ ಕೊಡುತ್ತದೆ: ಮೇಲೆ ಪೂರ್ತಿ ಅಗಲದ ಒಂದು ಪ್ರದೇಶ, ಕೆಳಗೆ ಎರಡು ಕಂಬಸಾಲು. ಎಡಗಡೆಯ ಅಗಲವನ್ನು ಪಿಕ್ಸೆಲ್‌ಗಳಲ್ಲಿ ಬಿಗಿಯಾಗಿ ಹೇಳಬೇಡಿ. ಕನ್ನಡದ ಊರ ಹೆಸರುಗಳು ಉದ್ದವಾಗಿರುತ್ತವೆ, ಓದುಗರು ಅಕ್ಷರ ದೊಡ್ಡದು ಮಾಡಿದರೆ ಹೊರಚೆಲ್ಲುತ್ತವೆ. ಅಕ್ಷರದ ಗಾತ್ರಕ್ಕೆ ಹೊಂದಿಕೊಂಡು ಹಿಗ್ಗುವ ಅಳತೆಯಲ್ಲಿ ಹೇಳಿದರೆ ಈ ತೊಂದರೆಯಿಲ್ಲ. ಪಟ್ಟಿಯ ಫ್ರೇಮಿಗೆ ‘ಸ್ಕ್ರೋಲಿಂಗ್ ನೋ’ (ಸರಿಸಲು ಬಾರದಿರಲಿ) ಎಂದು ಬರೆದಿರುವ ತಾಣಗಳಲ್ಲಿ ಅಕ್ಷರ ದೊಡ್ಡದಾದೊಡನೆ ಪಟ್ಟಿಯ ಕೊನೆಯ ಊರುಗಳು ಯಾರ ಕೈಗೂ ಸಿಗದಂತಾಗುವುದನ್ನು ನೀವೂ ನೋಡಿರಬಹುದು.

ಪಟ್ಟಿ ಕದಲದೆ ನಿಲ್ಲಬೇಕೆಂಬ ನಿಮ್ಮ ಇಷ್ಟವೂ ಈಡೇರುತ್ತದೆ. ‘ಪೊಸಿಷನ್: ಸ್ಟಿಕಿ’ ಎಂದು ಬರೆದು ಮೇಲಿನ ಅಂತರವನ್ನು ಸೊನ್ನೆ ಮಾಡಿದರೆ ಪುಟ ಸರಿದಂತೆ ಪಟ್ಟಿ ಕಣ್ಣೆದುರೇ ಉಳಿಯುತ್ತದೆ, ಅದಕ್ಕೆ ಪರದೆಯ ಎತ್ತರದಷ್ಟೇ ಗರಿಷ್ಠ ಎತ್ತರ ಕೊಟ್ಟು ‘ಓವರ್‌ಫ್ಲೋ: ಆಟೋ’ ಎಂದರೆ, ಫ್ರೇಮಿನಂತೆಯೇ ತನ್ನೊಳಗೆ ತಾನೇ ಸರಿಯುತ್ತದೆ. ಇಲ್ಲಿ ಬಹಳ ಮಂದಿ ಎಡವುವ ಜಾಗವೊಂದಿದೆ. ಗ್ರಿಡ್‌ನೊಳಗಿನ ಪೆಟ್ಟಿಗೆ ತಾನಾಗಿಯೇ ಸಾಲಿನ ಪೂರ್ತಿ ಎತ್ತರಕ್ಕೆ ಚಾಚಿಕೊಳ್ಳುವುದರಿಂದ ಅದಕ್ಕೆ ಸರಿಯಲು ಜಾಗವೇ ಉಳಿಯದೆ ಸ್ಟಿಕಿ ಕೆಲಸ ಮಾಡದಂತೆ ಕಾಣುತ್ತದೆ. ‘ಅಲೈನ್-ಸೆಲ್ಫ್: ಸ್ಟಾರ್ಟ್’ ಎಂಬ ಒಂದು ಸಾಲು ಸೇರಿಸಿದರೆ ಸರಿಯಾಗುತ್ತದೆ. ಹೊರಗಿನ ಯಾವುದಾದರೂ ಪೆಟ್ಟಿಗೆಗೆ ‘ಓವರ್‌ಫ್ಲೋ: ಹಿಡನ್’ ಇದ್ದರೂ ಸ್ಟಿಕಿ ಕೆಡುತ್ತದೆ.

ಫೋನಿಗೆ, ಮೊದಲು, ಪುಟದ ಅಗಲ ಫೋನಿನ ಅಗಲದಷ್ಟೇ ಎಂದು ಹೇಳುವ ವ್ಯೂಪೋರ್ಟ್ ಮೆಟಾ ಸಾಲನ್ನು ಸೇರಿಸಿ. ಅದಿಲ್ಲದಿದ್ದರೆ ಫೋನು ಪುಟವನ್ನು ಸುಮಾರು 980 ಪಿಕ್ಸೆಲ್ ಅಗಲದ್ದೆಂದು ಊಹಿಸಿಕೊಂಡು ಕುಗ್ಗಿಸಿ ತೋರಿಸುತ್ತದೆ. ನಿಮ್ಮ ಅಕ್ಷರಗಳು ಚಿಕ್ಕದಾಗಿರುವುದಕ್ಕೆ ಇದೇ ಕಾರಣ. ಆಮೇಲೆ ಪರದೆಯ ಅಗಲಕ್ಕೆ ತಕ್ಕಂತೆ ನಿಯಮ ಬದಲಿಸುವ ಮೀಡಿಯಾ ಕ್ವೆರಿಯಿಂದ, ಕಿರಿದಾದ ಪರದೆಯಲ್ಲಿ ಎರಡು ಕಂಬಸಾಲು ಬೇಡ, ಒಂದರ ಕೆಳಗೊಂದು ಬರಲಿ ಎಂದು ಹೇಳಿ. ಹನ್ನೆರಡು ತಿಂಗಳುಗಳ ಕೋಷ್ಟಕ ಅಲ್ಲಿಯೂ ಹಿಡಿಸುವುದಿಲ್ಲವಾದ್ದರಿಂದ ಅದನ್ನು ಅಡ್ಡಲಾಗಿ ಸರಿಯುವ ಪೆಟ್ಟಿಗೆಯೊಳಗಿಟ್ಟು, ವರ್ಷದ ಕಾಲಂಗೆ ಮಾತ್ರ ಎಡಕ್ಕೆ ಅಂಟುವ ಸ್ಟಿಕಿ ಕೊಡಿ. ಜುಲೈ ತಿಂಗಳನ್ನು ನೋಡಲು ಬಲಕ್ಕೆ ಸರಿದರೂ ಯಾವ ವರ್ಷದ ಸಾಲೆಂಬುದು ಕಣ್ಣಿನ ಮುಂದಿರುತ್ತದೆ. ಫ್ರೇಮ್‌ಗಳಿಂದ ಇದನ್ನು ಸಾಧಿಸಬೇಕಾದರೆ ಎರಡು ಫ್ರೇಮ್‌ಗಳನ್ನು ಸ್ಕ್ರಿಪ್ಟ್ ಬರೆದು ಜೊತೆಯಾಗಿ ಸರಿಸಬೇಕಾಗಿತ್ತು.

ಇನ್ನು ಉಳಿದದ್ದು ಪಟ್ಟಿಯನ್ನು ಹಂಚುವ ಕೆಲಸ. ಇದಕ್ಕೆ ಮೂರು ದಾರಿಗಳಿದ್ದು, ನಿಮ್ಮ ಪೆನ್‌ಡ್ರೈವ್ ರೂಢಿ ಅವುಗಳಲ್ಲಿ ಎರಡನ್ನು ಮುಚ್ಚಿಬಿಡುತ್ತದೆ. ಅಪಾಚಿ ಸರ್ವರ್‌ನಲ್ಲಿರುವ ಸರ್ವರ್ ಸೈಡ್ ಇನ್‌ಕ್ಲೂಡ್ ಅಥವಾ ಪಿಎಚ್‌ಪಿಯ ಇನ್‌ಕ್ಲೂಡ್ ಬಹಳ ಸರಳ. ಪ್ರತಿ ಪುಟದಲ್ಲಿ “ಇಲ್ಲಿಗೆ ಪಟ್ಟಿಯ ಕಡತವನ್ನು ಸೇರಿಸು” ಎಂಬ ಒಂದು ಸಾಲಿದ್ದರೆ ಸರ್ವರ್ ಅದನ್ನು ಸೇರಿಸಿ ಕಳುಹಿಸುತ್ತದೆ. ಆದರೆ ಪೆನ್‌ಡ್ರೈವ್‌ನಲ್ಲಿ ಸರ್ವರ್ ಇರುವುದಿಲ್ಲ. ಪಟ್ಟಿಯನ್ನು ಜಾವಾಸ್ಕ್ರಿಪ್ಟ್‌ನಿಂದ ಎಳೆದು ತರುವುದು ಎರಡನೆಯ ದಾರಿ. ಭದ್ರತೆಯ ಕಾರಣಕ್ಕಾಗಿ ಬ್ರೌಸರ್‌ಗಳು ಡಿಸ್ಕ್‌ನಿಂದ ನೇರವಾಗಿ ತೆರೆದ ಪುಟಕ್ಕೆ ಪಕ್ಕದ ಕಡತವನ್ನು ಹಾಗೆ ಓದಲು ಬಿಡುವುದಿಲ್ಲ. ನಿಮಗೆ ಹೊಂದುವುದು ಮೂರನೆಯದು: ಹ್ಯೂಗೋ, ಇಲೆವೆಂಟಿ, ಜೆಕಿಲ್‌ನಂತಹ ಪುಟಜನಕ ತಂತ್ರಾಂಶ. ಪಟ್ಟಿ ಒಂದು ಕಡತ, ಚೌಕಟ್ಟು ಒಂದು ಕಡತ, ಊರಿನ ಲೆಕ್ಕ ಒಂದೊಂದು ಕಡತ; ನಿಮ್ಮ ಕಂಪ್ಯೂಟರಿನಲ್ಲಿ ಆಜ್ಞೆಯೊಂದನ್ನು ಕೊಟ್ಟರೆ ನೂರಾರು ಪೂರ್ಣ ಪುಟಗಳು ತಯಾರಾಗುತ್ತವೆ. ಹೊಸ ಊರು ಸೇರಿಸುವಾಗ ತಿದ್ದುವುದು ಈಗಿನಂತೆಯೇ ಒಂದು ಕಡತವನ್ನು. ಹ್ಯೂಗೋ ಒಂದೇ ಕಡತದ ತಂತ್ರಾಂಶವಾದ್ದರಿಂದ ಅನುಸ್ಥಾಪನೆಯ ಗೋಜು ಕಡಿಮೆ. ಅದರಲ್ಲಿ ಸಾಪೇಕ್ಷ ವಿಳಾಸಗಳ ಆಯ್ಕೆಯನ್ನೂ, ಪುಟವನ್ನು ಫೋಲ್ಡರ್ ಆಗಿಸದೆ ಕಡತವಾಗಿಯೇ ಉಳಿಸುವ ಆಯ್ಕೆಯನ್ನೂ ಹಾಕಿದರೆ ಅದೇ ಪ್ರತಿ ಪೆನ್‌ಡ್ರೈವ್‌ನಿಂದಲೂ ತೆರೆಯುತ್ತದೆ.

ಉತ್ತರ: ಹಳೆಯ ಕೈ, ಗೋಣಿಕೊಪ್ಪ

ಮೇಲಿನವರ ತೀರ್ಮಾನವನ್ನು ನಾನು ಒಪ್ಪುತ್ತೇನೆ, ಆದರೆ ಫ್ರೇಮ್ ಬಳಸಿದವರು ಏನೋ ತಿಳಿಯದೆ ಬಳಸಿದರೆಂಬ ಧ್ವನಿ ಈಚಿನ ಚರ್ಚೆಗಳಲ್ಲಿ ಕೇಳಿಬರುವುದರಿಂದ ಎರಡು ಮಾತು ಹೇಳಬೇಕೆನಿಸಿತು. ಸ್ಟೈಲ್‌ಶೀಟ್ ಫ್ರೇಮ್‌ಗಿಂತ ಕಿರಿಯದೇನಲ್ಲ. ಹೋಕನ್ ವಿಯುಂ ಲೀ ಅದರ ಪ್ರಸ್ತಾವವನ್ನು ಮುಂದಿಟ್ಟದ್ದು 1994ರಲ್ಲಿ, ಸ್ಟೈಲ್‌ಶೀಟ್ ಬರೆಯುವ ಭಾಷೆಯಾದ ಸಿಎಸ್‌ಎಸ್‌ನ ಮೊದಲ ಹಂತ ಶಿಫಾರಸಾದದ್ದು 1996ರ ಡಿಸೆಂಬರ್‌ನಲ್ಲಿ. ಆದರೆ ಆ ಮೊದಲ ಹಂತದಲ್ಲಿ ಒಂದು ಪೆಟ್ಟಿಗೆಯನ್ನು ಪರದೆಯ ಇಂಥ ಜಾಗದಲ್ಲಿ ನಿಲ್ಲಿಸು ಎಂದು ಹೇಳುವ ಮಾತೇ ಇರಲಿಲ್ಲ. ಅದು ಬಂದದ್ದು 1998ರ ಎರಡನೆಯ ಹಂತದಲ್ಲಿ. ಕಾಗದದ ಮೇಲೆ ಬಂದರೂ ಬ್ರೌಸರ್‌ಗೆ ಬರಬೇಕಲ್ಲ! 2001ರಲ್ಲಿ ಬಂದು ವರ್ಷಗಟ್ಟಲೆ ಎಲ್ಲರ ಕಂಪ್ಯೂಟರಿನಲ್ಲಿದ್ದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6ಕ್ಕೆ ‘ಪೊಸಿಷನ್: ಫಿಕ್ಸೆಡ್’ ಅರ್ಥವೇ ಆಗುತ್ತಿರಲಿಲ್ಲ. ಕದಲದ ಪಟ್ಟಿ ಬೇಕೆಂದವನಿಗೆ ಆಗ ಫ್ರೇಮ್ ಬಿಟ್ಟು ನೇರವಾದ ದಾರಿಯಿರಲಿಲ್ಲ. ಗ್ರಿಡ್‌ಗಾಗಿ ಕಾದಿದ್ದರೆ 2017ರವರೆಗೆ ತಾಣವೇ ಇರುತ್ತಿರಲಿಲ್ಲ.

ನಿಧಾನದ ಸಂಪರ್ಕಕ್ಕೆ ಫ್ರೇಮೇ ಹಗುರ ಎಂಬ ಹಳೆಯ ವಾದವನ್ನೂ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ದೂರವಾಣಿ ತಂತಿಯ ಡಯಲ್‌ಅಪ್ ಕಾಲದಲ್ಲಿ ಮೇಲಿನ ಚಿತ್ರವೂ ಪಟ್ಟಿಯೂ ಒಮ್ಮೆ ಬಂದರೆ ಮುಗಿಯಿತು, ಮುಂದೆ ಒಳಪುಟ ಮಾತ್ರ ಬರುತ್ತದೆ ಎಂಬುದು ದೊಡ್ಡ ಉಳಿತಾಯವಾಗಿತ್ತು. ಈಗ ಲೆಕ್ಕ ಬದಲಾಗಿದೆ. ಮೊದಲ ಭೇಟಿಯಲ್ಲಿ ಫ್ರೇಮ್‌ಸೆಟ್ ಬಂದು, ಅದನ್ನು ಓದಿ, ಆಮೇಲೆ ಮೂರು ಕಡತಗಳನ್ನು ಕೇಳಬೇಕು. ಸಿಗ್ನಲ್ ಇದ್ದೂ ಇಲ್ಲದಂತಿರುವ ಜಾಗದಲ್ಲಿ ಕಡತದ ತೂಕಕ್ಕಿಂತ ಈ ಹೋಗಿಬರುವಿಕೆಯೇ ಹೆಚ್ಚು ಹೊತ್ತು ತಿನ್ನುತ್ತದೆ, ಮೂರರಲ್ಲಿ ಒಂದು ಬಾರದಿದ್ದರೆ ಪುಟ ಅಂಗಹೀನವಾಗಿ ನಿಲ್ಲುತ್ತದೆ. ಪ್ರತಿ ಪುಟದಲ್ಲಿ ಮರಳಿ ಬರುವ ಊರುಗಳ ಪಟ್ಟಿ ಸಂಕುಚಿತಗೊಂಡು ಬರುವುದರಿಂದ ಅದೊಂದು ಭಾರವೇ ಅಲ್ಲ. ಸ್ಟೈಲ್‌ಶೀಟ್ ಮೊದಲ ಸಲ ಬಂದದ್ದು ಬ್ರೌಸರ್‌ನ ಸಂಗ್ರಹದಲ್ಲಿ ಉಳಿಯುತ್ತದೆ.

ಈಗ ನನ್ನ ನಿಜವಾದ ಆಕ್ಷೇಪಕ್ಕೆ ಬರುತ್ತೇನೆ. ಪ್ರಶ್ನೆ ಕೇಳಿದವರು ತಮ್ಮ ಪುಟಗಳ ಅಕ್ಷರ ಯಾವ ಸಂಕೇತದಲ್ಲಿದೆಯೆಂದು ಹೇಳಿಲ್ಲ. ಆ ಕಾಲದ ಕನ್ನಡ ತಾಣವೆಂದರೆ, ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಮುಂಚಿನ ಫಾಂಟ್ ಸಂಕೇತವಿರುವ ಸಾಧ್ಯತೆ ಹೆಚ್ಚು. ನುಡಿ, ಬರಹ, ಶ್ರೀಲಿಪಿ ಎಂದು ಒಂದೊಂದು ಕಡತ ಒಂದೊಂದರಲ್ಲಿ ಇದ್ದರೂ ಆಶ್ಚರ್ಯವಿಲ್ಲ. ಹಾಗಿದ್ದರೆ ಪರದೆಯ ಮೇಲೆ ಕನ್ನಡವಾಗಿ ಕಾಣುವುದು ಕಂಪ್ಯೂಟರಿನ ಪಾಲಿಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಭಾಗಮಂಡಲವೆಂದು ಕನ್ನಡದಲ್ಲಿ ಹುಡುಕಿದವರಿಗೆ ಅದು ಯಾವ ವಿನ್ಯಾಸದಲ್ಲಿದ್ದರೂ ಸಿಗುವುದಿಲ್ಲ, ಆ ಫಾಂಟ್ ಇಲ್ಲದ ಫೋನಿನಲ್ಲಿ ಓದಲೂ ಬರುವುದಿಲ್ಲ. ಫ್ರೇಮ್ ತೆಗೆಯುವ ಮೊದಲು ಇದನ್ನು ಪರಿಶೀಲಿಸಿ, ಪರಿವರ್ತಕ ಬಳಸಿ ಯೂನಿಕೋಡ್‌ಗೆ ತಂದು, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಿ. ಆದ್ಯತೆಯಲ್ಲಿ ಇದು ಮೊದಲು, ಫ್ರೇಮ್ ಆಮೇಲೆ ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಅದಾದ ಮೇಲೆ ಸ್ಟೈಲ್‌ಶೀಟ್‌ನ ಉಪಯೋಗ ನಿಮಗೆ ಇನ್ನೊಂದು ರೀತಿಯಲ್ಲಿ ತಿಳಿಯುತ್ತದೆ. ಫ್ರೇಮಿನ ಒಂದೊಂದು ಕಡತವೂ ಸ್ವತಂತ್ರ ಪುಟವಾದ್ದರಿಂದ ಹಳೆಯವರು ಪ್ರತಿಯೊಂದರಲ್ಲೂ ಫಾಂಟ್ ಹೆಸರನ್ನು ಮತ್ತೆ ಮತ್ತೆ ಬರೆಯುತ್ತಿದ್ದರು. ಈಗ ನೋಟೋ ಸಾನ್ಸ್ ಕನ್ನಡ ಎಂದೋ ತುಂಗಾ ಎಂದೋ ಒಂದೇ ಕಡೆ ಬರೆದರೆ ಸಾಕು. ಸಾಲಿನ ಎತ್ತರವನ್ನು ಮಾತ್ರ ಇಂಗ್ಲಿಷ್ ತಾಣಗಳಿಂದ ನಕಲು ಮಾಡಬೇಡಿ; ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಗಲುತ್ತವೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚೇ ಇರಲಿ.

ಉತ್ತರ: ಕೇಳಿ ಓದುವವ, ವಿರಾಜಪೇಟೆ

ನನಗೆ ಕಣ್ಣು ಕಾಣುವುದಿಲ್ಲ. ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶದಿಂದ ಜಾಲವನ್ನು ಬಳಸುತ್ತೇನೆ. ಫ್ರೇಮ್ ತಾಣ ನನ್ನಂತಹವರಿಗೆ ಹೇಗಿರುತ್ತದೆಂದು ಇಲ್ಲಿ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಪುಟ ತೆರೆದೊಡನೆ ತಂತ್ರಾಂಶ “ಫ್ರೇಮ್, ಫ್ರೇಮ್, ಫ್ರೇಮ್” ಎನ್ನುತ್ತದೆ. ಕಟ್ಟಿದವರು ಫ್ರೇಮ್‌ಗೆ ಶೀರ್ಷಿಕೆ ಕೊಟ್ಟಿದ್ದರೆ ಅದನ್ನು ಓದುತ್ತದೆ. ಕೊಟ್ಟವರು ಕಡಿಮೆ, ಆದ್ದರಿಂದ ಕಡತದ ಹೆಸರನ್ನೋ ಮತ್ತೊಂದನ್ನೋ ಓದುತ್ತದೆ. ಪಟ್ಟಿಯ ಫ್ರೇಮ್ ಹುಡುಕಿ ಸಿದ್ದಾಪುರವನ್ನು ಒತ್ತುತ್ತೇನೆ. ಏನೂ ಕೇಳಿಸುವುದಿಲ್ಲ. ಕಾಣುವವರಿಗೆ ಬಲಗಡೆ ಕೋಷ್ಟಕ ಬದಲಾದದ್ದು ತಿಳಿಯುತ್ತದೆ, ನನ್ನ ಜಾಗ ಮಾತ್ರ ಇನ್ನೂ ಪಟ್ಟಿಯಲ್ಲಿಯೇ ಇರುತ್ತದೆ. ಬೇರೆ ಫ್ರೇಮಿಗೆ ಹೋಗಿ ನೋಡಿದ ಮೇಲೆಯೇ ಒತ್ತಿದ್ದು ಫಲಿಸಿತೋ ಇಲ್ಲವೋ ಎಂದು ತಿಳಿಯುವುದು. ಒಂದು ಪೂರ್ಣ ಪುಟ ತೆರೆದರೆ ಅದರ ಶೀರ್ಷಿಕೆಯನ್ನು ತಂತ್ರಾಂಶ ತಾನಾಗಿಯೇ ಓದುತ್ತದೆ.

ಸ್ಟೈಲ್‌ಶೀಟ್ ಬಳಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲವೆಂಬುದನ್ನೂ ಹೇಳಬೇಕು. ಊರುಗಳ ಪಟ್ಟಿ ಪ್ರತಿ ಪುಟದ ಆರಂಭದಲ್ಲಿ ಬಂದರೆ, ಅಷ್ಟೂ ಊರುಗಳನ್ನು ಪ್ರತಿ ಸಲವೂ ದಾಟಿ ಬರಬೇಕಾಗುತ್ತದೆ. ಈ ಒಂದು ವಿಷಯದಲ್ಲಿ ಫ್ರೇಮ್ ವಾಸಿ ಎಂದು ನನಗೆ ಅನ್ನಿಸಿದ್ದುಂಟು. ಪಟ್ಟಿಯನ್ನು ‘ನ್ಯಾವ್’ ಎಂಬ ಟ್ಯಾಗ್‌ನಲ್ಲಿಯೂ ಕೋಷ್ಟಕದ ಭಾಗವನ್ನು ‘ಮೇನ್’ ಎಂಬ ಟ್ಯಾಗ್‌ನಲ್ಲಿಯೂ ಇಟ್ಟು, ಪುಟದ ಮೊಟ್ಟಮೊದಲಿಗೆ “ನೇರವಾಗಿ ಲೆಕ್ಕಕ್ಕೆ ಹೋಗಿ” ಎಂಬ ಕೊಂಡಿಯನ್ನು ಕೊಡಿ. ಗ್ರಿಡ್ ಬಳಸಿ ಪೆಟ್ಟಿಗೆಗಳನ್ನು ಕಣ್ಣಿಗೆ ಮಾತ್ರ ಅದಲುಬದಲು ಮಾಡಬೇಡಿ. ತಂತ್ರಾಂಶ ಓದುವುದು ಕಡತದಲ್ಲಿ ಬರೆದ ಕ್ರಮವನ್ನು, ಪರದೆಯಲ್ಲಿ ಕಾಣುವ ಕ್ರಮವನ್ನಲ್ಲ. ಪುಟದ ಭಾಷೆ ಕನ್ನಡವೆಂದು ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಗುರುತಿಸಿ. ಕನ್ನಡ ಧ್ವನಿ ತಾನಾಗಿಯೇ ಬರಲು ಆ ಗುರುತು ಬೇಕು. ಕೋಷ್ಟಕದ ತಿಂಗಳು ಮತ್ತು ವರ್ಷಗಳನ್ನು ಶೀರ್ಷಿಕೆಯ ಕೋಶಗಳೆಂದು ಬರೆದರೆ, ಅಂಕಿಯನ್ನು ಓದುವಾಗ ಅದು ಯಾವ ವರ್ಷದ ಯಾವ ತಿಂಗಳೆಂಬುದೂ ಕೇಳಿಸುತ್ತದೆ.

ಮರುಪ್ರಶ್ನೆ: ಮಳೆಮಾಪಕ, ಸೋಮವಾರಪೇಟೆ

ಮೂವರಿಗೂ ಕೃತಜ್ಞತೆಗಳು. ಎರಡು ಕೆಲಸಗಳನ್ನು ಬೇರ್ಪಡಿಸಿ ಹೇಳಿದ್ದರಿಂದ ದಾರಿ ಕಂಡಿತು. ಪರಿಶೀಲಿಸಿದಾಗ ಕಡತಗಳಲ್ಲಿ ಸುಮಾರು ಅರ್ಧದಷ್ಟು ಹಳೆಯ ಫಾಂಟ್ ಸಂಕೇತದಲ್ಲಿಯೇ ಇರುವುದು ಕಂಡುಬಂತು. ಅದನ್ನೇ ಮೊದಲು ಕೈಗೆತ್ತಿಕೊಳ್ಳುತ್ತೇನೆ.

ಎರಡು ಸಂದೇಹಗಳು ಉಳಿದಿವೆ. ಒಂದು, ಎಲ್ಲ ಪುಟಗಳೂ ಹೊಸದಾದರೆ ಈಗಾಗಲೇ ಬೇರೆ ತಾಣಗಳು ನಮ್ಮ ಕೋಷ್ಟಕಗಳಿಗೆ ಕೊಟ್ಟಿರುವ ಕೊಂಡಿಗಳು ಮುರಿಯುತ್ತವೆಯೆ? ಎರಡು, ಕಾಫಿ ಮತ್ತು ಮೆಣಸಿನ ಧಾರಣೆಯನ್ನು ತೋರಿಸಲು ನಮ್ಮವರು ಬೇರೊಂದು ತಾಣದ ಪುಟವನ್ನು ಬಲಗಡೆಯ ಫ್ರೇಮಿನೊಳಗೆ ತೆರೆಯುತ್ತಿದ್ದರು. ಈಗ ಅಲ್ಲಿ ಖಾಲಿ ಜಾಗ ಕಾಣುತ್ತದೆ. ಇದನ್ನು ಐಫ್ರೇಮ್ ಬಳಸಿ ಸರಿಪಡಿಸಬಹುದೆ? ಐಫ್ರೇಮ್ ಕೂಡ ಕೈಬಿಟ್ಟ ಪಟ್ಟಿಯಲ್ಲಿದೆಯೆ?

ಉತ್ತರ: ಪುಟಗಟ್ಟುವವ, ಮಡಿಕೇರಿ

ಮೊದಲನೆಯದಕ್ಕೆ ಒಳ್ಳೆಯ ಸುದ್ದಿಯಿದೆ. ಬಲಗಡೆಯ ಫ್ರೇಮಿನಲ್ಲಿ ತೆರೆಯುತ್ತಿದ್ದ ಪ್ರತಿ ಕೋಷ್ಟಕಕ್ಕೂ ಅದರದೇ ಕಡತವೂ ವಿಳಾಸವೂ ಮೊದಲಿನಿಂದಲೇ ಇವೆ, ವಿಳಾಸಪಟ್ಟಿಯಲ್ಲಿ ಕಾಣುತ್ತಿರಲಿಲ್ಲ ಅಷ್ಟೆ. ಆ ಕಡತದ ಹೆಸರನ್ನು ಹಾಗೆಯೇ ಉಳಿಸಿಕೊಂಡು ಅದನ್ನು ತಲೆಬರಹ ಮತ್ತು ಪಟ್ಟಿಯಿರುವ ಪೂರ್ಣ ಪುಟವಾಗಿಸಿದರೆ ಹಳೆಯ ಕೊಂಡಿಗಳೆಲ್ಲವೂ ಸರಿಯಾದ ಜಾಗಕ್ಕೇ ಬರುತ್ತವೆ. ಪಟ್ಟಿಯ ಕಡತಕ್ಕೆ ಮತ್ತು ಮೇಲ್ಭಾಗದ ಕಡತಕ್ಕೆ ಮಾತ್ರ 301 ಸಂಕೇತದ ಶಾಶ್ವತ ಮರುನಿರ್ದೇಶನ ಕೊಟ್ಟು ಮುಖಪುಟಕ್ಕೆ ಕಳುಹಿಸಿ. ಒಳಪುಟ ಒಂಟಿಯಾಗಿ ತೆರೆದರೆ ಫ್ರೇಮ್‌ಸೆಟ್‌ನೊಳಗೆ ಎಳೆದುಕೊಂಡು ಹೋಗುವ ಸಣ್ಣ ಸ್ಕ್ರಿಪ್ಟೊಂದನ್ನು ಹಳೆಯ ತಾಣಗಳಲ್ಲಿ ಹಾಕುತ್ತಿದ್ದರು. ನಿಮ್ಮಲ್ಲಿಯೂ ಇದ್ದರೆ ಹುಡುಕಿ ತೆಗೆಯಿರಿ, ಇಲ್ಲದಿದ್ದರೆ ಹೊಸ ಪುಟಗಳು ಇಲ್ಲದ ಚೌಕಟ್ಟನ್ನು ಹುಡುಕಿಕೊಂಡು ಹೋಗುತ್ತವೆ.

ಇದಕ್ಕಿಂತ ಮುಖ್ಯವಾದದ್ದು ‘ಟಾರ್ಗೆಟ್’. ಪಟ್ಟಿಯ ಪ್ರತಿ ಕೊಂಡಿಯಲ್ಲಿ, ಅಥವಾ ಕಡತದ ಆರಂಭದ ‘ಬೇಸ್’ ಟ್ಯಾಗ್‌ನಲ್ಲಿ, ಬಲಗಡೆಯ ಫ್ರೇಮಿನ ಹೆಸರನ್ನು ಟಾರ್ಗೆಟ್ ಎಂದು ಬರೆದಿರುತ್ತಾರೆ. ಫ್ರೇಮ್ ಹೋಗಿ ಟಾರ್ಗೆಟ್ ಉಳಿದರೆ, ಆ ಹೆಸರಿನ ಜಾಗ ಸಿಗದ ಬ್ರೌಸರ್ ಹೊಸ ಟ್ಯಾಬೊಂದನ್ನು ತೆರೆದು ಅದಕ್ಕೆ ಆ ಹೆಸರಿಡುತ್ತದೆ. ತಾಣ ತನ್ನಷ್ಟಕ್ಕೇ ಟ್ಯಾಬ್ ತೆರೆಯುತ್ತದೆಂದು ಸದಸ್ಯರು ದೂರುವ ಮೊದಲು ಎಲ್ಲ ಕಡತಗಳಲ್ಲಿಯೂ ಹುಡುಕಿ ಅಳಿಸಿ.

ಎರಡನೆಯದು. ಐಫ್ರೇಮ್ ಕೈಬಿಟ್ಟ ಪಟ್ಟಿಯಲ್ಲಿಲ್ಲ. ಬೇರೊಬ್ಬರ ಪುಟವನ್ನು ನಮ್ಮ ಪುಟದೊಳಗೆ ತೋರಿಸಲು, ಉದಾಹರಣೆಗೆ ನಕ್ಷೆಗೋ ವಿಡಿಯೋಗೋ, ಅದು ಈಗಲೂ ಸರಿಯಾದ ಸಾಧನ. ಆದರೆ ನಿಮ್ಮ ಖಾಲಿ ಜಾಗ ಅದರಿಂದ ತುಂಬುವುದಿಲ್ಲ. ಧಾರಣೆ ಕೊಡುವ ತಾಣದವರು ತಮ್ಮ ಪುಟವನ್ನು ಬೇರೆಯವರ ಚೌಕಟ್ಟಿನೊಳಗೆ ತೋರಿಸಬಾರದೆಂದು ‘ಎಕ್ಸ್-ಫ್ರೇಮ್-ಆಪ್ಷನ್ಸ್’ ಎಂಬ ಶಿರೋಲೇಖವನ್ನು (ಪುಟದ ಜೊತೆ ಸರ್ವರ್ ಕಳುಹಿಸುವ ಸೂಚನೆಯ ಸಾಲು), ಅಥವಾ ಅದರ ಮುಂದಿನ ರೂಪವಾದ ‘ಫ್ರೇಮ್-ಆನ್ಸೆಸ್ಟರ್ಸ್’ ನಿಯಮವನ್ನು ಕಳುಹಿಸುತ್ತಿರುವ ಸಂಭವವೇ ಹೆಚ್ಚು. ನಂಬಿಕೆಯ ಪುಟವೊಂದನ್ನು ಕಾಣದಂತೆ ಮೇಲೆ ಹೊದಿಸಿ ಓದುಗರಿಂದ ಬೇರೇನನ್ನೋ ಒತ್ತಿಸುವ ಮೋಸ ಹೆಚ್ಚಿದಾಗ 2009ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 8 ಈ ತಡೆಯನ್ನು ತಂದಿತು, ಉಳಿದ ಬ್ರೌಸರ್‌ಗಳೂ ಅಳವಡಿಸಿಕೊಂಡವು. ಅದು ಫ್ರೇಮ್‌ಗೂ ಐಫ್ರೇಮ್‌ಗೂ ಒಂದೇ ರೀತಿ ಅನ್ವಯಿಸುತ್ತದೆ, ನಿಮ್ಮ ಕಡೆಯಿಂದ ಅದನ್ನು ದಾಟುವ ದಾರಿಯಿಲ್ಲ, ಇರಲೂಬಾರದು. ಧಾರಣೆಯ ಪುಟಕ್ಕೆ ನೇರ ಕೊಂಡಿ ಕೊಟ್ಟುಬಿಡಿ. ಪೆನ್‌ಡ್ರೈವ್ ಪ್ರತಿಯಲ್ಲಿ ಹೇಗಿದ್ದರೂ ಅಂದಿನ ಧಾರಣೆ ಬರುವಂತಿಲ್ಲವಲ್ಲ.

ಉತ್ತರ: ಹಳೆಯ ಕೈ, ಗೋಣಿಕೊಪ್ಪ

ಮುದ್ರಣದ ವಿಷಯ ಬಿಟ್ಟುಹೋಯಿತು. ಮಳೆಯ ಲೆಕ್ಕವನ್ನು ಹಿರಿಯ ಬೆಳೆಗಾರರು ಕಾಗದದಲ್ಲಿಯೇ ಕೇಳುತ್ತಾರೆ. ಫ್ರೇಮ್‌ನಲ್ಲಿ ಯಾವ ಫ್ರೇಮನ್ನು ಕೊನೆಗೆ ಒತ್ತಿದ್ದೆವೋ ಅದು ಮುದ್ರಣವಾಗಿ ಬರಿಯ ಪಟ್ಟಿಯ ಹಾಳೆ ಕೈಗೆ ಬರುವುದುಂಟು. ಸ್ಟೈಲ್‌ಶೀಟ್‌ನಲ್ಲಿ ಮುದ್ರಣಕ್ಕೆಂದೇ ಪ್ರತ್ಯೇಕ ಭಾಗ ಬರೆದು ಪಟ್ಟಿಯನ್ನು ಮರೆಮಾಡಿ, ಸ್ಟಿಕಿಯನ್ನು ತೆಗೆದು, ಅಡ್ಡಲಾಗಿ ಸರಿಯುವ ಪೆಟ್ಟಿಗೆಯನ್ನು ಬಿಚ್ಚಿಬಿಡಿ. ಇಲ್ಲದಿದ್ದರೆ ಕಾಗದದಲ್ಲಿ ಸೆಪ್ಟೆಂಬರ್ ನಂತರದ ತಿಂಗಳುಗಳು ಕತ್ತರಿಸಿಹೋಗುತ್ತವೆ. ಕೋಷ್ಟಕದ ತಲೆಸಾಲನ್ನು ‘ಟಿಹೆಡ್’ ಟ್ಯಾಗ್‌ನಲ್ಲಿ ಇಟ್ಟರೆ ಎರಡನೆಯ ಹಾಳೆಯಲ್ಲಿಯೂ ತಿಂಗಳ ಹೆಸರುಗಳು ಮತ್ತೆ ಬರುತ್ತವೆ. ಕಾಗದವನ್ನು ಅಡ್ಡ ಹಿಡಿದು ಮುದ್ರಿಸಬೇಕೆಂಬ ಸೂಚನೆಯನ್ನೂ ಪುಟದಲ್ಲಿಯೇ ಬರೆದಿಡಿ, ಏಕೆಂದರೆ ಸ್ಟೈಲ್‌ಶೀಟ್‌ನಲ್ಲಿ ಹೇಳಿದ ಹಾಳೆಯ ದಿಕ್ಕನ್ನು ಎಲ್ಲ ಬ್ರೌಸರ್‌ಗಳೂ ಒಂದೇ ರೀತಿ ಪಾಲಿಸುತ್ತವೆಂದು ನಂಬಿ ಕೂರುವಂತಿಲ್ಲ.